ಹಳೆಯ ಗಣಕಯಂತ್ರದಿಂದ ಹೊಸದಕ್ಕೆ: ಕಡತಗಳ ಪ್ರತಿ ಮಾಡಿಕೊಳ್ಳುವ ಕ್ರಮ

ಧರಸೇನಾಚಾರ್ಯರು ಗಿರಿನಗರದ ಚಂದ್ರಗುಹೆಯಲ್ಲಿದ್ದಾಗ ತಮ್ಮ ಬಳಿಗೆ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಿದ ವೃತ್ತಾಂತವು ಧವಲಾಟೀಕೆಯ ಆದಿಭಾಗದಲ್ಲಿ ಬಂದಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆಚಾರ್ಯರು ಇಬ್ಬರಿಗೂ ಒಂದೊಂದು ವಿದ್ಯೆಯನ್ನು ಕೊಟ್ಟರು. ಒಂದರಲ್ಲಿ ಅಕ್ಷರವು ಅಧಿಕವಾಗಿತ್ತು, ಮತ್ತೊಂದರಲ್ಲಿ ಹೀನವಾಗಿತ್ತು. ಸಾಧನೆಯ ಕಡೆಯಲ್ಲಿ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ವಿಕೃತರೂಪವು ಸ್ವಭಾವವಲ್ಲವೆಂದು ತಿಳಿದ ಆ ಮುನಿಗಳು ಮಂತ್ರವ್ಯಾಕರಣದಿಂದ ಅಕ್ಷರಗಳನ್ನು ತಿದ್ದಿಕೊಂಡು ಮತ್ತೆ ಜಪಿಸಿದರು; ದೇವತೆಗಳು ಸ್ವರೂಪದಲ್ಲಿ ನಿಂತರು. ಅನಂತರವೇ ಅವರಿಗೆ ಸಿದ್ಧಾಂತದ ಅಧ್ಯಯನ ಪ್ರಾಪ್ತವಾಯಿತು. ಇವರೇ ಪುಷ್ಪದಂತ ಭೂತಬಲಿಗಳು.

ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ಗ್ರಂಥವನ್ನು ಸಾಗಿಸುವಾಗ ಹೆಚ್ಚಾದುದೇನು, ಕಡಿಮೆಯಾದುದೇನು ಎಂದು ನೋಡಿಕೊಳ್ಳುವ ವಿವೇಕಕ್ಕೆ ಇದಕ್ಕಿಂತ ಹಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಗುರುಮುಖದಿಂದ ಶಿಷ್ಯನ ಸ್ಮೃತಿಗೆ, ಸ್ಮೃತಿಯಿಂದ ಓಲೆಗೆ, ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಎಂಬಂತೆ ಶ್ರುತವು ನಡೆದುಬಂದಿದೆ. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಈ ಸಾಲಿಗೆ ಗಣಕಯಂತ್ರದ ಹಾರ್ಡ್ ಡಿಸ್ಕ್ ಸೇರಿಕೊಂಡಿತು. ಓಲೆ ಇನ್ನೂರು ಮುನ್ನೂರು ವರ್ಷ ಬಾಳಿದರೆ, ಈ ಹೊಸ ಆಧಾರವು ಹತ್ತು ಹದಿನೈದು ವರ್ಷ ಬಾಳಿದರೆ ಹೆಚ್ಚು. ಆದುದರಿಂದ ಪ್ರತಿ ಮಾಡುವ ಕಾರ್ಯವು ಮುಗಿದುಹೋಗಲಿಲ್ಲ. ಮೊದಲಿಗಿಂತ ಪದೇ ಪದೇ ಮಾಡಬೇಕಾಗಿ ಬಂದಿತು.

ಮರವಂತೆಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಒಂದು ಪಾರ್ಶ್ವದಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಾರ್ಶ್ವದಲ್ಲಿ ಸೌಪರ್ಣಿಕಾ ನದಿ, ಎರಡರ ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗುವಷ್ಟೇ ಕಿರಿದಾದ ನೆಲ. ದಕ್ಷಿಣಕ್ಕೆ ಹಟ್ಟಿಯಂಗಡಿ, ಬಾರಕೂರುಗಳಂತಹ ಬಸದಿಯುಳ್ಳ ಪ್ರಾಚೀನ ನೆಲೆಗಳಿರುವುದರಿಂದ ಈ ಭಾಗದ ಹಳೆಯ ಮನೆಗಳಲ್ಲಿ ಓಲೆಕಟ್ಟುಗಳು ಇದ್ದುದು ಸಹಜ. ಅಂತಹ ಒಂದು ಮನೆಯಲ್ಲಿ ಯಾರೋ ಒಬ್ಬ ಹಿರಿಯರು ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಕಟ್ಟುಗಳನ್ನು ಓದಿ, ಕನ್ನಡದಲ್ಲಿ ಬೆರಳಚ್ಚು ಮಾಡಿ, ಗಣಕದಲ್ಲಿಟ್ಟು ಹೋಗಿದ್ದಾರೆಂದು ಊಹಿಸಿದರೆ ತಪ್ಪಾಗದು; ಕರಾವಳಿಯುದ್ದಕ್ಕೂ ಇಂತಹ ಗಣಕಗಳು ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿವೆ. ಈ ಮಧ್ಯೆ ಓಲೆಗಳು ಹುಳು ಹಿಡಿದು ಪುಡಿಯಾಗಿದ್ದರೆ ಅವುಗಳ ಓದು ಉಳಿದಿರುವುದು ಆ ಡಿಸ್ಕಿನಲ್ಲಿ ಮಾತ್ರ. ಆಗ ಅದು ಹಳೆಯ ಸಾಮಾನಲ್ಲ, ಏಕೈಕ ಮಾತೃಕೆ.

ಕಡಲತೀರದ ಗಾಳಿಯಲ್ಲಿ ಉಪ್ಪಿನಂಶ ತುಂಬಿರುತ್ತದೆ. ಅದು ತೇವದೊಡನೆ ಕೂಡಿ ಲೋಹದ ಸಂಧಿಗಳನ್ನು ಕಿಲುಬು ಹಿಡಿಸುತ್ತದೆ. ಹಾರ್ಡ್ ಡಿಸ್ಕಿನ ಒಳಭಾಗವನ್ನು ಮುಚ್ಚಿದ್ದರೂ ಸಾಧಾರಣ ಡಿಸ್ಕುಗಳಿಗೆ ಗಾಳಿಯ ಒತ್ತಡ ಸಮವಾಗಲೆಂದು ಸೋಸುಪದರವುಳ್ಳ ಒಂದು ಸಣ್ಣ ರಂಧ್ರವಿರುತ್ತದೆ. ಆರ್ದ್ರತೆಯು ಅಲ್ಲಿಂದ ಒಳಸೇರಬಲ್ಲದು. ಒಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿದ್ದು, ಓದುವ ಶಿರವು ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತದೆ. ಶಿರವು ತಟ್ಟೆಯನ್ನು ತಗುಲಿದರೆ ಲೇಪ ಕೆರೆದುಹೋಗುತ್ತದೆ. ಓಲೆಯ ಅಂಚು ಮುರಿದರೆ ಕೆಲವು ಅಕ್ಷರಗಳು ಹೋಗುತ್ತವೆ. ಇಲ್ಲಿ ಒಂದು ಗೀಚಿನಿಂದ ಅನೇಕ ಗ್ರಂಥಗಳೇ ಹೋಗಬಹುದು. ಆದುದರಿಂದ ಹಲವು ಮಳೆಗಾಲ ಮುಚ್ಚಿಟ್ಟ ಗಣಕವನ್ನು ಆಷಾಢದ ನಡುವೆ ಹೊರತೆಗೆದು ತಟ್ಟನೆ ವಿದ್ಯುತ್ತಿಗೆ ಜೋಡಿಸುವುದು ಅವಿವೇಕ. ಒಣಹವೆಯ ಕಾಲವನ್ನು ಆರಿಸಿಕೊಂಡು, ಒಂದೆರಡು ದಿನ ತೇವವಿಲ್ಲದ ಕೋಣೆಯಲ್ಲಿಟ್ಟು, ಧೂಳನ್ನು ಮೃದುವಾದ ಕುಂಚದಿಂದ ತೆಗೆದ ಮೇಲೆಯೇ ಕಾರ್ಯಾರಂಭ ಮಾಡಬೇಕು.

ಇನ್ನೊಂದು ಎಚ್ಚರಿಕೆ. ಹಳೆಯ ಗಣಕವನ್ನು ಚಾಲನೆಗೊಳಿಸಿದೊಡನೆಯೇ ಅದರ ವಿಂಡೋಸ್ ವ್ಯವಸ್ಥೆಯು ತನ್ನ ಪಾಡಿಗೆ ತಾನು ಡಿಸ್ಕಿನ ಮೇಲೆ ಏನಾದರೊಂದನ್ನು ಬರೆಯುತ್ತಲೇ ಇರುತ್ತದೆ. ಹಿಂದಿನ ಬಾರಿ ಸರಿಯಾಗಿ ನಿಲ್ಲಿಸದಿದ್ದರೆ ಡಿಸ್ಕಿನ ದೋಷಪರಿಶೋಧನೆಯನ್ನೂ ಆರಂಭಿಸಿ, ಅರ್ಥವಾಗದ ಭಾಗಗಳನ್ನು ತನಗೆ ತೋರಿದಂತೆ ‘ಸರಿಪಡಿಸು’ತ್ತದೆ. ಮಾತೃಕೆಯನ್ನು ಓದುವ ಮೊದಲೇ ಅದರ ಮೇಲೆ ತಿದ್ದುವ ಲಿಪಿಕಾರನನ್ನು ಯಾವ ಗ್ರಂಥಭಂಡಾರವೂ ಒಳಗೆ ಬಿಡಲಾರದು. ಸಾಲದುದಕ್ಕೆ ಹಳೆಯ ಗಣಕದ ವಿದ್ಯುತ್ ಪೆಟ್ಟಿಗೆಯೇ ಕೆಟ್ಟಿದ್ದು ಡಿಸ್ಕನ್ನೂ ಕೆಡಿಸುವ ಸಂಭವವುಂಟು. ಈ ಕಾರಣಗಳಿಂದ ಡಿಸ್ಕನ್ನು ಹಳೆಯ ಪೆಟ್ಟಿಗೆಯಿಂದ ಬಿಚ್ಚಿ ತೆಗೆದು ಹೊಸ ಗಣಕಕ್ಕೆ ಹೊರಗಿನಿಂದ ಜೋಡಿಸುವುದೇ ಉತ್ತಮಪಕ್ಷ.

ಜೋಡಿಸುವ ಬಗೆ ಸುಲಭ. 2003ರ ಸುಮಾರಿಗೆ ಮುಂಚಿನ ಗಣಕಗಳಲ್ಲಿ ಚಪ್ಪಟೆಯಾದ ಅಗಲದ ಕೇಬಲಿಗೆ ಸೇರುವ, ಎರಡು ಸಾಲಿನಲ್ಲಿ ಒಟ್ಟು ನಲವತ್ತು ಮೊಳೆಗಳ ಸ್ಥಾನವುಳ್ಳ ಐಡಿಇ ಡಿಸ್ಕುಗಳಿರುತ್ತವೆ. ಅನಂತರ ಬಂದವುಗಳಲ್ಲಿ ಸಾಟಾ ಎಂಬ ಕಿರಿದಾದ ಜೋಡಣೆ ಇರುತ್ತದೆ. ಎರಡನ್ನೂ ಯುಎಸ್‌ಬಿ ಮೂಲಕ ಹೊಸ ಗಣಕಕ್ಕೆ ಸೇರಿಸುವ ಅಡಾಪ್ಟರುಗಳು ದೊರೆಯುತ್ತವೆ. ಮೇಜಿನ ಗಣಕದ ದೊಡ್ಡ ಡಿಸ್ಕಿಗೆ ಪ್ರತ್ಯೇಕ 12 ವೋಲ್ಟ್ ವಿದ್ಯುತ್ ಬೇಕಾಗುವುದರಿಂದ ವಿದ್ಯುತ್ ಜೋಡಣೆಯೂ ಇರುವ ಅಡಾಪ್ಟರನ್ನೇ ಕೊಳ್ಳಬೇಕು. ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕಿಗೆ ಅದು ಬೇಕಿಲ್ಲ. ಜೋಡಿಸಿದ ಬಳಿಕ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ’ ಎಂದು ಗಣಕವು ಕೇಳಿದರೆ ಎಂದಿಗೂ ಸಮ್ಮತಿಸಕೂಡದು. ಅದು ಓಲೆಯನ್ನು ಹೆರೆದು ಹೊಸದಾಗಿ ಬರೆಯಲು ಅನುಮತಿ ಕೇಳಿದಂತೆ.

ಡಿಸ್ಕಿನಿಂದ ಟಕ್ ಟಕ್ ಎಂಬ ಶಬ್ದವು ಲಯಬದ್ಧವಾಗಿ ಕೇಳಿಸಿದರೆ ಶಿರವು ತನ್ನ ಸ್ಥಾನವನ್ನು ಹುಡುಕಲಾರದೆ ಹೊಡೆದುಕೊಳ್ಳುತ್ತಿದೆ ಎಂದರ್ಥ. ತಕ್ಷಣ ವಿದ್ಯುತ್ತನ್ನು ತೆಗೆದು ದತ್ತಾಂಶ ಉದ್ಧಾರದ ಪ್ರಯೋಗಾಲಯದವರಿಗೆ ಒಪ್ಪಿಸಬೇಕಲ್ಲದೆ, ಮತ್ತೊಮ್ಮೆ ನೋಡೋಣವೆಂದು ಪ್ರಯತ್ನಿಸಕೂಡದು. ಪ್ರತಿಯೊಂದು ಪ್ರಯತ್ನವೂ ಉಳಿದುದನ್ನು ಕಡಿಮೆ ಮಾಡುತ್ತದೆ. ಡಿಸ್ಕನ್ನು ಮನೆಯಲ್ಲಿ ತೆರೆದು ನೋಡುವುದಂತೂ ಸರ್ವಥಾ ಸಲ್ಲದು.

ಶಬ್ದವಿಲ್ಲದೆ ಓಡುತ್ತಿದ್ದು ಕೆಲವು ಭಾಗಗಳು ಮಾತ್ರ ಓದಲಾಗದಿದ್ದರೆ ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಇದರ ರೀತಿ ಹಸ್ತಪ್ರತಿಶೋಧಕರಿಗೆ ಹಿಡಿಸುವಂತಹುದು. ಸಾಧಾರಣವಾಗಿ ಕಡತವನ್ನು ಎಳೆದು ಹಾಕಿದಾಗ ಗಣಕವು ಕೆಟ್ಟ ಭಾಗ ಬಂದ ಕೂಡಲೆ ಅಲ್ಲಿಯೇ ನಿಂತು ಮತ್ತೆ ಮತ್ತೆ ಓದಲು ಹೆಣಗಿ ಕಡೆಗೆ ಕೈಬಿಡುತ್ತದೆ. ಡಿಡಿ-ರೆಸ್ಕ್ಯೂ ಹಾಗಲ್ಲ, ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲಾಗುವುದನ್ನೆಲ್ಲ ಪ್ರತಿ ಮಾಡಿಕೊಂಡು, ಕೆಟ್ಟ ಸ್ಥಳಗಳನ್ನು ದಾಟಿ ಮುಂದೆ ಹೋಗಿ, ಅವುಗಳ ಸ್ಥಾನವನ್ನು ಒಂದು ನಕಾಶೆಯ ಕಡತದಲ್ಲಿ ಗುರುತಿಟ್ಟುಕೊಳ್ಳುತ್ತದೆ, ಆಮೇಲೆ ಒಂದೊಂದಕ್ಕೇ ಮರಳಿ ಬಂದು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತದೆ. ಸ್ಫುಟವಾದ ಗರಿಗಳನ್ನು ಮೊದಲು ಓದಿ ಮುಗಿಸಿ, ತ್ರುಟಿತ ಸ್ಥಳಗಳಿಗೆ ಚಿಹ್ನೆಯಿಟ್ಟು, ಕಡೆಯಲ್ಲಿ ಮಸಿ ಸವರಿ ಬೆಳಕಿಗೆ ಹಿಡಿಯುವ ಪಂಡಿತನ ಕ್ರಮವೇ ಇದು. ಹೀಗೆ ಪಡೆದುದು ಇಡೀ ಡಿಸ್ಕಿನ ಛಾಯಾಪ್ರತಿ. ಮುಂದಿನ ಕೆಲಸವನ್ನೆಲ್ಲ ಈ ಛಾಯಾಪ್ರತಿಯಿಂದ ನಡೆಸಿ ಮೂಲವನ್ನು ಬಿಚ್ಚಿಡಬಹುದು. ಡಿಸ್ಕು ಚೆನ್ನಾಗಿದ್ದರೂ ಮೊದಲು ಸಮಗ್ರ ಪ್ರತಿ, ಆಮೇಲೆ ಆಯ್ಕೆ ಎಂಬ ಕ್ರಮವೇ ಕ್ಷೇಮ. ಬೇಕಾದುದನ್ನಷ್ಟೇ ಆರಿಸಿ ತಂದು ಉಳಿದುದನ್ನು ಬಿಟ್ಟವರು ಅನಂತರ ಪಶ್ಚಾತ್ತಾಪಪಟ್ಟಿರುವುದುಂಟು. ಹಳೆಯ 40 ಅಥವಾ 80 ಗಿಗಾಬೈಟಿನ ಡಿಸ್ಕು ಇಂದಿನ ಡಿಸ್ಕಿನ ಒಂದು ಮೂಲೆಯಲ್ಲಿ ಅಡಗುವುದರಿಂದ ಸ್ಥಳದ ನೆವವೂ ಇಲ್ಲ.

ಪ್ರತಿ ಸರಿಯಾಗಿ ಬಂದಿತೆ ಎಂಬುದನ್ನು ತಿಳಿಯುವ ಬಗೆ ಹೇಗೆ? ಹಿಂದಿನವರು ಮೂವತ್ತೆರಡು ಅಕ್ಷರಗಳನ್ನು ಒಂದು ಗ್ರಂಥವೆಂದೆಣಿಸಿ ಕೃತಿಯ ಕಡೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದರು. ಧವಲೆಗೆ ಎಪ್ಪತ್ತೆರಡು ಸಾವಿರ, ಜಯಧವಲೆಗೆ ಅರವತ್ತು ಸಾವಿರ ಎಂಬ ಪ್ರಸಿದ್ಧ ಸಂಖ್ಯೆಗಳು ಇಂತಹವೇ. ಲಿಪಿಕಾರನ ಕೂಲಿಯನ್ನು ನಿಶ್ಚಯಿಸಲು ಇದು ಉಪಯೋಗವಾದಂತೆ ಗ್ರಂಥಪಾತವನ್ನು ಹಿಡಿಯಲೂ ಉಪಯೋಗವಾಗುತ್ತಿತ್ತು. ಆದರೆ ಗ್ರಂಥಸಂಖ್ಯೆಯಿಂದ ಪ್ರಮಾಣ ಮಾತ್ರ ತಿಳಿಯುತ್ತದೆ. ಒಂದಕ್ಷರದ ಸ್ಥಾನದಲ್ಲಿ ಇನ್ನೊಂದು ಬಂದರೆ ಸಂಖ್ಯೆ ಬದಲಾಗದು. ಗಣಕದಲ್ಲಿ ಕಡತಗಳ ಎಣಿಕೆಯನ್ನೂ ಗಾತ್ರವನ್ನೂ ಹೋಲಿಸಿ ತೃಪ್ತರಾಗುವವರು ಇದೇ ಮಿತಿಯೊಳಗೆ ನಿಂತಿರುತ್ತಾರೆ. ಇದಕ್ಕಿಂತ ಸೂಕ್ಷ್ಮವಾದ ಉಪಾಯವೆಂದರೆ ಷಾ-256 ಎಂಬ ಗಣಿತಕ್ರಮ. ಕಡತವೊಂದರ ಸಮಸ್ತ ಅಂಶವನ್ನು ಈ ಗಣಿತಕ್ಕೆ ಒಳಪಡಿಸಿದರೆ ಅರವತ್ತನಾಲ್ಕು ಚಿಹ್ನೆಗಳ ಒಂದು ಮುದ್ರೆ ಬರುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸವಾದರೂ, ಎರಡು ಅಕ್ಷರಗಳು ಸ್ಥಾನಪಲ್ಲಟವಾದರೂ ಮುದ್ರೆಯು ಸಂಪೂರ್ಣ ಬೇರೆಯಾಗುತ್ತದೆ. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದಲೇ ಇದನ್ನು ಪಡೆಯಬಹುದು. ಅನೇಕ ಕಡತಗಳನ್ನು ಒಟ್ಟಿಗೆ ನೋಡುವ ಉಚಿತ ತಂತ್ರಾಂಶಗಳೂ ಇವೆ. ಹಳೆಯ ಡಿಸ್ಕಿನ ಕಡತಗಳ ಮುದ್ರೆಗಳನ್ನೂ ಹೊಸ ಪ್ರತಿಯ ಮುದ್ರೆಗಳನ್ನೂ ತೆಗೆದು ಎದುರುಬದಿರು ಇಟ್ಟು ನೋಡಿದರೆ ಹೀನಾಕ್ಷರ ಅಧಿಕಾಕ್ಷರಗಳು ಅಡಗಿರಲಾರವು.

ಮುದ್ರೆ ಸರಿಹೊಂದಿತೆಂದರೆ ಪಾಠ ಶುದ್ಧವಾಯಿತೆಂದಲ್ಲ. ಮೂಲದ ತಪ್ಪುಗಳೂ ಅವಿಕಲವಾಗಿ ಬಂದಿವೆ ಎಂದಷ್ಟೇ. ಪ್ರತಿಯ ನಿಷ್ಠೆ ಬೇರೆ, ಪಾಠದ ಶುದ್ಧಿ ಬೇರೆ.

ಈ ಭೇದದ ಮಹತ್ತ್ವಕ್ಕೆ ಷಟ್ಖಂಡಾಗಮದ ಪ್ರಕಟನೆಯ ಇತಿಹಾಸವೇ ಸಾಕ್ಷಿ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಹಳಗನ್ನಡ ಲಿಪಿಯ ತಾಡೋಲೆಗಳಿಂದ 19ನೆಯ ಶತಮಾನದ ಕೊನೆಯಲ್ಲಿ ಪ್ರತಿಲೇಖನ ಆರಂಭವಾಗಿ ದೀರ್ಘಕಾಲ ನಡೆಯಿತು. ಆ ಪ್ರತಿಗಳ ಪ್ರತಿಗಳು ಉತ್ತರಕ್ಕೆ ಸಾಗಿದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟವು ಹೊರಬಂದಾಗ ಸಂಪಾದಕರ ಮುಂದಿದ್ದುದು ಹೀಗೆ ಸಂಚರಿಸಿದ ಕಾಗದದ ಪ್ರತಿಗಳೇ ಹೊರತು ಓಲೆಗಳಲ್ಲ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಅವುಗಳಲ್ಲಿ ಇರಲಿಲ್ಲ. ಟೀಕೆಯ ಸಂಗತಿಯನ್ನು ನೋಡಿ ಆ ಪದ ಇರಬೇಕೆಂದು ಸಂಪಾದಕರು ಅಡಿಯಲ್ಲಿ ಸೂಚಿಸಿದರು. ಆ ಒಂದು ಪದದ ಮೇಲೆ ಪಂಡಿತವರ್ಗದಲ್ಲಿ ಎಷ್ಟು ವಾದ ನಡೆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮುಂದೆ ಮೂಡಬಿದಿರೆಯ ಓಲೆಯೊಡನೆ ಹೋಲಿಸಿದಾಗ ಪದವು ಅಲ್ಲಿ ಕಂಡಿತು. ಓಲೆ ಉಳಿದಿದ್ದರಿಂದ ನಿರ್ಣಯ ಸಾಧ್ಯವಾಯಿತು. ಪ್ರತಿಯಾಯಿತೆಂದು ಮೂಲವನ್ನು ತ್ಯಜಿಸಿದ್ದರೆ ಊಹೆಯು ಊಹೆಯಾಗಿಯೇ ಉಳಿಯುತ್ತಿತ್ತು. ಹಳೆಯ ಡಿಸ್ಕನ್ನು ಗುಜರಿಗೆ ಹಾಕಲು ಆತುರಪಡುವವರು ಈ ಪ್ರಸಂಗವನ್ನು ನೆನೆಯುವುದು ಒಳಿತು.

ಕಡತಗಳು ಹೊಸ ಗಣಕಕ್ಕೆ ಬಂದ ಮೇಲೆ ಕನ್ನಡ ವಿದ್ವಾಂಸರಿಗೇ ವಿಶೇಷವಾದ ತೊಡಕೊಂದು ಎದುರಾಗುತ್ತದೆ. ತೆರೆದು ನೋಡಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಡತ ಕೆಟ್ಟಿತೆಂದು ಕೆಲವರು ಇಲ್ಲಿಯೇ ಧೈರ್ಯಗೆಡುತ್ತಾರೆ. ಕೆಟ್ಟಿರುವುದಿಲ್ಲ. 1990ರ ದಶಕದಲ್ಲಿಯೂ ಅನಂತರ ಬಹುಕಾಲವೂ ಬಳಕೆಯಲ್ಲಿದ್ದ ಶ್ರೀಲಿಪಿ, ಆಕೃತಿ, ಬರಹ, ನುಡಿ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಕಡತದಲ್ಲಿರುವುದು ಸಂಕೇತ ಮಾತ್ರ. ಅದನ್ನು ಕನ್ನಡವಾಗಿ ಕಾಣಿಸುವುದು ಫಾಂಟ್. ಕಡತ ಬಂದು ಫಾಂಟ್ ಬಾರದಿದ್ದರೆ, ತಿಗಳಾರಿ ಲಿಪಿಯ ಕಟ್ಟು ಇದ್ದು ಆ ಲಿಪಿ ಬಲ್ಲವರು ಇಲ್ಲದಂತೆ. ಆದುದರಿಂದ ಹಳೆಯ ಡಿಸ್ಕಿನ ವಿಂಡೋಸ್ ಕೋಶದೊಳಗಿನ ಫಾಂಟ್ಸ್ ಎಂಬ ಕೋಶವನ್ನು ಮರೆಯದೆ ತರಬೇಕು. ಲೇಖಕರ ಕಡತಗಳನ್ನಷ್ಟೇ ತರುವವರಿಂದ ಅತ್ಯಂತ ಹೆಚ್ಚಾಗಿ ತಪ್ಪಿಹೋಗುವುದು ಇದೇ.

ಈಗಿನ ಕ್ರಮವು ಯೂನಿಕೋಡ್. ಹಳೆಯ ಸಂಕೇತಗಳಿಂದ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೂ ದೊರೆಯುತ್ತವೆ. ಆದರೆ ಪರಿವರ್ತನೆಯು ನಕಲು ಅಲ್ಲ, ಲಿಪ್ಯಂತರ. ಮುದ್ರೆ ಹೋಲಿಸುವ ಉಪಾಯ ಇಲ್ಲಿ ನಡೆಯದು, ಕಣ್ಣಿನಿಂದಲೇ ಶೋಧಿಸಬೇಕು. ಅರ್ಕಾವತ್ತು ಹಳೆಯ ಕ್ರಮದಲ್ಲಿ ಅಕ್ಷರದ ಅನಂತರ ಬರುವ ಪ್ರತ್ಯೇಕ ಆಕಾರ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವೇ ಮೊದಲು. ಸಂಯುಕ್ತಾಕ್ಷರಗಳು ಮೂರು ನಾಲ್ಕು ಪದರವಾದಾಗ ಪರಿವರ್ತಕಗಳು ತಪ್ಪುವುದುಂಟು. ಕರ್ಮ, ಧರ್ಮ, ತೀರ್ಥಗಳಿಲ್ಲದ ಜೈನಗ್ರಂಥವುಂಟೆ? ಇನ್ನು ಹಳಗನ್ನಡದ ಱಕಾರ ೞಕಾರಗಳ ಸ್ಥಿತಿ. ಹಳೆಯ ಫಾಂಟುಗಳಲ್ಲಿ ಇವು ಎಲ್ಲ ಕಡೆಯೂ ಇರಲಿಲ್ಲವಾದ್ದರಿಂದ ಬೆರಳಚ್ಚು ಮಾಡಿದವರು ರಕಾರ ಳಕಾರಗಳ ಪಕ್ಕದಲ್ಲಿ ಚುಕ್ಕೆಯನ್ನೋ ನಕ್ಷತ್ರವನ್ನೋ ತಮಗೆ ತೋಚಿದ ಗುರುತನ್ನೋ ಇಟ್ಟಿರುತ್ತಾರೆ. ಆ ಗುರುತುಗಳ ಅರ್ಥವನ್ನು ತಿಳಿಯದೆ, ಕಸವೆಂದು ಭಾವಿಸಿ ಅಳಿಸಿದರೆ ಪಂಪ ರನ್ನರ ಪ್ರಾಸವೇ ಕೆಟ್ಟುಹೋಗುತ್ತದೆ. ಪರಿವರ್ತನೆಗೆ ಮೊದಲೇ ಅಂತಹ ಗುರುತುಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಅವುಗಳನ್ನು ಇಟ್ಟ ಹಿರಿಯರು ಇದ್ದರೆ ಅವರನ್ನೇ ಕೇಳಿ ಬರೆದುಕೊಳ್ಳಬೇಕು. ಪ್ರಾಕೃತದ ಭಾಗಗಳಲ್ಲಿ ಅವಗ್ರಹವನ್ನೂ ಬಿಂದುವನ್ನೂ ವಿಶೇಷವಾಗಿ ನೋಡಬೇಕು. ಕನ್ನಡದ ಅವಗ್ರಹಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದೇ 2003ರಲ್ಲಿ.

ಪ್ರಸಂಗವಶಾತ್ ಹೇಳಬೇಕಾದುದೊಂದಿದೆ. ಯೂನಿಕೋಡಿನ ಪಟ್ಟಿಯಲ್ಲಿ ೞಕಾರಕ್ಕೆ ಸ್ಥಾನವು ಇದ್ದೇ ಇದೆ. ಆದರೆ ಆರಂಭದಲ್ಲಿಯೇ ಯಾರದೋ ಪ್ರಮಾದದಿಂದ ಅದಕ್ಕೆ ‘ಕನ್ನಡದ ಎಫ್-ಎ ಅಕ್ಷರ’ ಎಂಬ ಹೆಸರು ಬಿದ್ದುಹೋಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಸಂಸ್ಥೆಯ ನಿಯಮವಾದ್ದರಿಂದ ಹೆಸರು ಹಾಗೆಯೇ ಉಳಿದು, ಇದು ತಪ್ಪು ಎಂಬ ಟಿಪ್ಪಣಿಯೂ ಸರಿಯಾದ ಪರ್ಯಾಯನಾಮವೂ ಪಕ್ಕದಲ್ಲಿ ಸೇರಿದವು. ಮೂಲದ ಸ್ಖಾಲಿತ್ಯವನ್ನು ಅಳಿಸದೆ ಅಂಚಿನಲ್ಲಿ ಶುದ್ಧರೂಪವನ್ನು ಬರೆಯುವ ನಮ್ಮ ಶೋಧಕರ ಪದ್ಧತಿಯು ಅಲ್ಲಿಯೂ ಕಾಣುವುದು ಸ್ವಾರಸ್ಯಕರವಾಗಿದೆ.

ಕಡತಗಳ ದಿನಾಂಕಗಳನ್ನು ನಂಬುವಾಗಲೂ ಜಾಗರೂಕತೆ ಬೇಕು. ವಿಂಡೋಸಿನಲ್ಲಿ ಕಡತವನ್ನು ಹೊಸ ಡಿಸ್ಕಿಗೆ ಎಳೆದು ಹಾಕಿದರೆ ಕೊನೆಯ ಬಾರಿ ತಿದ್ದಿದ ದಿನಾಂಕವು ಉಳಿಯುತ್ತದೆ, ಸೃಷ್ಟಿಯಾದ ದಿನಾಂಕವಾದರೋ ನಕಲಿನ ದಿನವಾಗಿ ಬದಲಾಗುತ್ತದೆ. ಹೀಗಾಗಿ ಹುಟ್ಟುವ ಮೊದಲೇ ತಿದ್ದಲ್ಪಟ್ಟ ಕಡತಗಳು ಕಾಣಸಿಗುತ್ತವೆ. ಮಾತೃಕೆಯ ಪುಷ್ಪಿಕೆಯನ್ನು ಶಕವರ್ಷಸಹಿತವಾಗಿ ನಕಲು ಮಾಡಿದ ಲಿಪಿಕಾರನಿಂದ ಮೋಸಹೋಗದ ವಿದ್ವಾಂಸರು ಇಲ್ಲಿಯೂ ಮೋಸಹೋಗಬೇಕಾಗಿಲ್ಲ. ಸಮಗ್ರ ಛಾಯಾಪ್ರತಿಯಲ್ಲಿ ಎರಡೂ ದಿನಾಂಕಗಳು ಮೂಲದಂತೆಯೇ ಇರುವುದು ಅದರ ಮತ್ತೊಂದು ಗುಣ.

ಒಂದೇ ಕೃತಿಯ ನಾಲ್ಕಾರು ಕಡತಗಳು ಡಿಸ್ಕಿನಲ್ಲಿ ಸಿಗುವುದು ಸಾಮಾನ್ಯ. ಒಂದಕ್ಕೆ ‘ಅಂತಿಮ’ ಎಂದೂ, ಇನ್ನೊಂದಕ್ಕೆ ‘ಅಂತಿಮ ಎರಡು’ ಎಂದೂ ಹೆಸರಿರುತ್ತದೆ. ಇತ್ತೀಚಿನದನ್ನು ಉಳಿಸಿ ಮಿಕ್ಕವನ್ನು ಅಳಿಸುವುದು ಗೃಹಕೃತ್ಯದಲ್ಲಿ ಸರಿಯಾದೀತು, ಗ್ರಂಥಸಂಪಾದನೆಯಲ್ಲಿ ಅಲ್ಲ. ಓಲೆಯನ್ನು ಎದುರಿಗಿಟ್ಟುಕೊಂಡು ಮಾಡಿದ ಮೊದಲ ಓದು ಹಳೆಯ ಕಡತದಲ್ಲಿದ್ದು, ಅನಂತರದ ‘ಅಂತಿಮ’ದಲ್ಲಿ ಊಹೆಯ ತಿದ್ದುಪಡಿಗಳು ಸೇರಿಹೋಗಿರಬಹುದು. ಕ, ಖ, ಗ ಎಂದು ಸಂಕೇತವಿಟ್ಟು ಎಲ್ಲವನ್ನೂ ಪಾಠಾಂತರಗಳಾಗಿ ಉಳಿಸುವುದೇ ಯುಕ್ತ.

ಹೊಸ ಪ್ರತಿ ಸಿದ್ಧವಾದ ಮೇಲೆ ಅದು ಒಂದೇ ಇದ್ದರೆ ಸಾಲದು. ಮೂರು ಪ್ರತಿಗಳು, ಎರಡು ಬಗೆಯ ಆಧಾರಗಳು, ಒಂದು ಬೇರೆ ಊರಿನಲ್ಲಿ ಎಂಬುದು ಗಣಕತಜ್ಞರ ವಾಡಿಕೆಯ ನಿಯಮ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಗೆ ಈ ನಿಯಮವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮರವಂತೆಯ ಮನೆಯಲ್ಲಿ ಒಂದಿದ್ದರೆ ಇನ್ನೊಂದು ಘಟ್ಟದ ಮೇಲಿನ ಒಣ ಊರಿನ ಬಂಧುಗಳ ಮನೆಯಲ್ಲಿಯೋ ಸಂಶೋಧನ ಸಂಸ್ಥೆಯಲ್ಲಿಯೋ ಇರಬೇಕು. ಇಂದಿನ ಗಣಕಗಳಲ್ಲಿರುವ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಆಧಾರವು ವೇಗವುಳ್ಳದ್ದೇ ಸರಿ. ಆದರೆ ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಇಟ್ಟರೆ ಅದರಲ್ಲಿ ಬರೆದುದು ಅಳಿಸಿಹೋಗುವ ಸಂಭವವಿರುವುದರಿಂದ ಪೆಟ್ಟಿಗೆಯಲ್ಲಿಟ್ಟು ಮರೆಯುವ ಪ್ರತಿಗೆ ಅದು ತಕ್ಕುದಲ್ಲ. ಪೆನ್ ಡ್ರೈವ್ ಸಾಗಣೆಗೆ ಮಾತ್ರ.

ಹಳೆಯ ಡಿಸ್ಕನ್ನು ವಿದ್ಯುತ್ಸ್ಥಾಯಿಯನ್ನು ತಡೆಯುವ ಚೀಲದಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿರಿಸಬೇಕು. ಮೇಲೆ ಯಾರ ಗಣಕದ್ದು, ಯಾವ ಕೃತಿಗಳಿವೆ, ಪ್ರತಿ ಮಾಡಿದ ದಿನ, ಮಾಡಿದವರ ಹೆಸರು ಇವನ್ನು ಕಾಗದದಲ್ಲಿ ಬರೆದು ಅಂಟಿಸಬೇಕು. ಮುದ್ರೆಗಳ ಪಟ್ಟಿಯನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಅದರೊಡನಿಡಬೇಕು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಬಸದಿಗಳಲ್ಲಿ ಓಲೆಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ವಸ್ತ್ರ ಬದಲಿಸಿ ಪೂಜಿಸುವ ಸಂಪ್ರದಾಯವಿದೆ. ಕರಾವಳಿಯಲ್ಲಿ ಅದು ಮುಂಗಾರು ಹಿಡಿಯುವ ಹೊಸ್ತಿಲ ಕಾಲ. ಅದೇ ದಿನ ಗಣಕದ ಪ್ರತಿಗಳನ್ನೂ ಒಮ್ಮೆ ವಿದ್ಯುತ್ತಿಗೆ ಜೋಡಿಸಿ, ಮುದ್ರೆಗಳನ್ನು ಹಿಂದಿನ ವರ್ಷದ ಪಟ್ಟಿಯೊಡನೆ ಹೋಲಿಸಿ, ವ್ಯತ್ಯಾಸ ಕಂಡ ಕಡತವನ್ನು ಉಳಿದ ಪ್ರತಿಗಳಿಂದ ಸರಿಪಡಿಸಿ, ಪಟ್ಟಿಯ ಕಡೆಯಲ್ಲಿ ಆ ವರ್ಷದ ತಿಥಿಯನ್ನು ಬರೆದಿಡಬಹುದು.